ಏಳು ಜನ ಸಾಕು

ಬುರುಲ್ ಹುಟ್ಟಿದಾಗ ಅವಳಪ್ಪ ಕುದುರೆ ಮೇಯಿಸೋ ಕಡೆಯಿಂದ ಮೂರು ದಿನ ಮನೆಗೇ ಬರಲಿಲ್ಲ. ನಾಲ್ಕನೆಯದೂ ಹೆಣ್ಣು. ಹೆಸರಿಟ್ಟವಳು ತಾಯಿ ಸಬೀರಾ. ನಮ್ಮ ನರಿನ್ ಸೀಮೆಯಲ್ಲಿ ಮೇಲಿಂದ ಮೇಲೆ ಹೆಣ್ಣಾದರೆ ಕೊನೆಯದಕ್ಕೆ ಬುರುಲ್ ಅಂತ ಹೆಸರಿಡುವುದುಂಟು. ‘ತಿರುಗು’ ಅಂತ ಅರ್ಥ. ಇನ್ನಾದರೂ ದಿಕ್ಕು ತಿರುಗಲಿ, ಮುಂದಿನದು ಗಂಡಾಗಲಿ ಅಂತ ವಿಧಿಗೆ ಕೊಡುವ ಅಪ್ಪಣೆ. ವಿಧಿ ಕೇಳಿತು. ಎರಡು ವರ್ಷಕ್ಕೆ ತಮ್ಮ ಹುಟ್ಟಿದ. ಬುರುಲ್ ಮಾತ್ರ ಯಾರ ಅಪ್ಪಣೆಗೂ ಕಿವಿಗೊಡದ ಹುಡುಗಿಯಾಗಿ ಬೆಳೆದಳು.

ಬೇಸಿಗೆಯಲ್ಲಿ ಕುರಿ ಕುದುರೆ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋದಾಗ ಹುಡುಗರು ಎರಡು ಜೀನುಗಳನ್ನು ನೆಲಕ್ಕಿಟ್ಟು ಗೋಲು ಮಾಡಿ ಆಡುತ್ತಿದ್ದರು. ಗೋಲಿನಲ್ಲಿ ನಿಲ್ಲಲು ಯಾರಿಗೂ ಇಷ್ಟವಿಲ್ಲ, ಬುರುಲ್‌ಳನ್ನು ನಿಲ್ಲಿಸುತ್ತಿದ್ದರು. ಕಲ್ಲು ನೆಲ, ಉಣ್ಣೆ ತುರುಕಿದ ಭಾರದ ಚೆಂಡು. ಅವಳು ಮೊಣಕೈ ತರಚಿಕೊಂಡು ಬಿದ್ದು ಹಿಡಿಯುತ್ತಿದ್ದಳು. ಹಿಡಿದದ್ದನ್ನು ಎದೆಗವಚಿಕೊಂಡು ಮಲಗಿಬಿಟ್ಟರೆ ಮೂರು ಹುಡುಗರು ಸೇರಿದರೂ ಬಿಡಿಸಲಾಗುತ್ತಿರಲಿಲ್ಲ.

ಹತ್ತೊಂಬತ್ತಕ್ಕೆ ಪಕ್ಕದ ಕಣಿವೆಗೆ ಮದುವೆ ಮಾಡಿ ಕೊಟ್ಟರು. ಗಂಡ ಒಂದು ಸಲ ಹೊಡೆದ. ಎರಡನೇ ಸಲ ಕೈ ಎತ್ತಿದಾಗ ಆ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡಳು. ಅತ್ತೆ ಬಂದು ಬೇಡಿಕೊಳ್ಳುವವರೆಗೂ ಬಿಡಲಿಲ್ಲ. ಬೆಳಿಗ್ಗೆ ತನ್ನ ಗಂಟು ಕಟ್ಟಿಕೊಂಡು ನಡೆದೇ ತವರಿಗೆ ಬಂದಳು. ಮದುವೆಯಾಗಿ ಹನ್ನೊಂದು ತಿಂಗಳಾಗಿತ್ತು.

ಸಬೀರಾ ಬಾಗಿಲಲ್ಲೇ ತಡೆದಳು. “ಕಲ್ಲು ಬಿದ್ದ ಕಡೆಯೇ ಭಾರ ಅಂತಾರೆ ಕಣೇ. ಹೋದ ಮನೇಲೇ ಇರಬೇಕು.”

“ನಾನು ಕಲ್ಲಲ್ಲ ಅಮ್ಮ. ಜರುಗು, ಚಳಿ ಆಗ್ತಿದೆ,” ಅಂದು ತಾಯಿಯ ಪಕ್ಕದಿಂದ ನುಸುಳಿ ಒಳಗೆ ಹೋದಳು.

ಕೋಕ್-ಜಾರ್ ಸಣ್ಣ ಊರು, ನಗಲು ಸಣ್ಣ ನೆಪ ಸಾಕು. ‘ತಿರುಗು ಅಂತ ಹೆಸರಿಟ್ಟರು, ತಿರುಗಿ ಬಂದಳು’ ಅನ್ನುವುದು ಐದಾರು ವರ್ಷ ಎಲ್ಲರ ಬಾಯಲ್ಲಿತ್ತು. ಅಷ್ಟರಲ್ಲಿ ಶಾಲೆಯ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುತ್ತಿದ್ದ ಮುದುಕ ತೀರಿಕೊಂಡ. ಗಂಡಸರೆಲ್ಲ ರಷ್ಯಾಕ್ಕೆ ದುಡಿಯಲು ಹೋಗಿದ್ದ ಕಾಲ. ಬುರುಲ್ ಹೋಗಿ ಕೆಲಸ ಕೇಳಿದಳು. ಹೆಡ್‌ಮಾಸ್ಟರ್ ಕೆನೆಶ್ ಅಗಾಯ್ (ಮೇಷ್ಟ್ರಿಗೆ ನಮ್ಮಲ್ಲಿ ಅಗಾಯ್ ಅನ್ನುತ್ತಾರೆ) ಕನ್ನಡಕದ ಮೇಲಿನಿಂದ ನೋಡಿ, “ಒಂದು ದಿನಕ್ಕೆ ಎಷ್ಟು ಸಲಿಕೆ ಹಾಕಬೇಕು ಗೊತ್ತಾ?” ಅಂತ ಕೇಳಿದರು. “ಎಣಿಸ್ತಾ ನಿಂತರೆ ಮಕ್ಕಳು ಹೆಪ್ಪುಗಟ್ಟುತ್ತಾರೆ ಅಗಾಯ್,” ಅಂದಳು. ಆವತ್ತೇ ಬೀಗದ ಕೈ ಕೊಟ್ಟರು. ಮೈನಸ್ ಮೂವತ್ತರ ಚಳಿಗಾಲಗಳು ಹನ್ನೆರಡು ಕಳೆದವು. ಒಂದು ದಿನವೂ ಶಾಲೆ ತಣ್ಣಗಾಗಲಿಲ್ಲ.

ಆ ಶಾಲೆಯಲ್ಲಿ ಆಟದ ಟೀಚರು ಅನಾರ್ಕಾನ್ ಎಜೆ, ಅಂದರೆ ಅನಾರ್ಕಾನ್ ಅಕ್ಕ. ಐವತ್ತೆಂಟು ವರ್ಷ, ಒಂದು ಮಂಡಿ ಕೆಟ್ಟಿತ್ತು, ಗಂಟಲು ಮಾತ್ರ ಕೆಟ್ಟಿರಲಿಲ್ಲ. ಹುಡುಗಿಯರಿಗೆ ಫುಟ್ಬಾಲ್ ಕಲಿಸಲು ಶುರು ಮಾಡಿದಾಗ ಊರಿನ ಹಿರಿಯರೊಬ್ಬರು, “ತೊಡೆ ಕಾಣೋ ಚಡ್ಡಿ ಹಾಕಿ ಓಡೋ ಹುಡುಗೀರ ಕಾಲಿಗೆ ತುರಚಿ ಸೊಪ್ಪಲ್ಲಿ ಹೊಡೀಬೇಕು,” ಅಂದಿದ್ದರು. ತುರಚಿಗೆ ನಮ್ಮಲ್ಲಿ ಚಾಲ್ಕಾನ್ ಅನ್ನುತ್ತಾರೆ. ಅನಾರ್ಕಾನ್ ಎಜೆ ಮಾರನೇ ವಾರವೇ ಹದಿನೈದು ಅಂಗಿಗಳ ಬೆನ್ನ ಮೇಲೆ ‘ಚಾಲ್ಕಾನ್’ ಎಂದು ಬರೆಸಿದರು. ಹಾಗೆ ತಂಡಕ್ಕೆ ಹೆಸರಾಯಿತು. ಆರು ವರ್ಷಕ್ಕೆ ದೇಶದ ಮಹಿಳಾ ಲೀಗಿಗೂ ಸೇರಿತು. ಎಂಟು ತಂಡಗಳ ಲೀಗು, ಅದರಲ್ಲಿ ಐದು ರಾಜಧಾನಿಯವೇ.

ಲೀಗು ಶುರುವಾಗುವ ಹೊತ್ತಿಗೆ ಗೋಲ್‌ಕೀಪರ್ ನಜಿರಾಳ ಮದುವೆಯಾಗಿಬಿಟ್ಟಿತು. ಅವಳಿಗಿನ್ನೂ ಹದಿನೇಳು ತುಂಬಿ ಎರಡು ತಿಂಗಳು. ಅನಾರ್ಕಾನ್ ಎಜೆ ಮದುವೆ ಮನೆಯಲ್ಲಿ ಊಟ ಮಾಡದೆ ಎದ್ದು ಬಂದವರು ನೇರ ಬಾಯ್ಲರ್ ಕೋಣೆಗೆ ನಡೆದರು.

“ಬುರುಲ್, ನಿಂಗೆ ಚೆಂಡು ಹಿಡಿಯೋಕೆ ಬರುತ್ತಾ?”

“ಯಾಕೆ ಎಜೆ, ಕಲ್ಲಿದ್ದಲು ಖಾಲಿಯಾಯ್ತಾ? ಚೆಂಡು ಸುಡ್ತೀರಾ?”

“ಗೋಲ್‌ಕೀಪರ್ ಬೇಕು.”

“ನಂಗೆ ಮೂವತ್ತಾರು.”

“ನಾನೇನು ಹೆಣ್ಣು ನೋಡೋಕೆ ಬಂದಿದೀನಾ? ವಯಸ್ಸು ಯಾರು ಕೇಳಿದ್ರು?”

ಬುರುಲ್ ಸಲಿಕೆಯನ್ನು ಗೋಡೆಗೊರಗಿಸಿದಳು. ತವರಿಗೆ ತಿರುಗಿ ಬಂದ ಹದಿನಾರು ವರ್ಷದಲ್ಲಿ ಯಾರಾದರೂ ಅವಳಿಗೆ ‘ಬೇಕು’ ಅಂದದ್ದು ಕಲ್ಲಿದ್ದಲಿನ ವಿಷಯಕ್ಕೆ ಮಾತ್ರ. ಸಂಜೆ ಮೈದಾನಕ್ಕೆ ಹೋದಳು.

ಮೊದಲ ಪಂದ್ಯದಲ್ಲಿ ಹನ್ನೊಂದು ಗೋಲು ಬಿತ್ತು. ಮನೆಗೆ ಬಂದಾಗ ಸಬೀರಾ ಹಿಟ್ಟು ನಾದುತ್ತಿದ್ದಳು.

“ಹನ್ನೊಂದಾ? ನಿಮ್ಮಪ್ಪ ಒಂದೇ ದಿನ ಹನ್ನೊಂದು ಕುರಿ ಕಳಕೊಂಡು ಬಂದಿದ್ರೆ ಮನೆಯೊಳಗೆ ಬಿಡ್ತಿರಲಿಲ್ಲ ನಾನು.”

“ನನ್ನ ಬಿಟ್ಟಿದೀಯಲ್ಲ.”

“ನೀನೆಲ್ಲಿ ಕೇಳಿ ಬರ್ತೀಯ,” ಅಂದಳು ಸಬೀರಾ. ಅಂದರೂ ಬೊರ್ಸೊಕ್ ಕರಿದು ಬಿಸಿಬಿಸಿಯಾಗಿ ಮುಂದಿಟ್ಟಳು, ಮಗಳು ಒಂದು ಬುಟ್ಟಿ ಖಾಲಿ ಮಾಡಿದಳು.

ಮುಂದಿನ ಪಂದ್ಯದಲ್ಲಿ ಏಳು ಗೋಲು, ಅದರ ಮುಂದಿನದರಲ್ಲಿ ನಾಲ್ಕು. ಕೋಕ್-ಜಾರ್‌ನಲ್ಲೇ ನಡೆದ ಒಂದು ಪಂದ್ಯ ಎರಡು-ಎರಡು ಸಮವಾಯಿತು. ಜೂನ್ ಕೊನೆಯಲ್ಲಿ ಮಾತ್ರ ಒಂದು ಅನಾಹುತವಾಯಿತು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ತಂಡ ಪಂದ್ಯಕ್ಕೆ ತಲುಪಲೇ ಇಲ್ಲ. ಬಾರದ ತಂಡ ಮೂರು-ಸೊನ್ನೆಯಿಂದ ಸೋತಂತೆ, ಅದು ನಿಯಮ. ಇನ್ನೊಂದು ಸಲ ಹೀಗಾದರೆ ಚಾಲ್ಕಾನ್ ಲೀಗಿನಿಂದಲೇ ಹೊರಗೆ ಅಂತ ಕಾಗದವೂ ಬಂತು.

ಜುಲೈ ಎರಡನೇ ವಾರ ರಾಜಧಾನಿಯಲ್ಲಿ ಪಂದ್ಯ. ಹಿಂದಿನ ದಿನ ಕೆನೆಶ್ ಅಗಾಯ್ ಬುರುಲ್‌ಳನ್ನು ಕರೆಸಿದರು. ಚಳಿಗಾಲದ ಕಲ್ಲಿದ್ದಲು ಬರುವ ವಾರ ಅದು.

“ನಾಳೆ ಲಾರಿ ಬರುತ್ತೆ. ಇಳಿಸಿಕೊಳ್ಳೋರು ಯಾರು?”

“ನಾಡಿದ್ದು ನಾನೇ ಇಳಿಸ್ತೀನಿ ಅಗಾಯ್. ಒಂದು ದಿನ ಅಂಗಳದಲ್ಲಿದ್ದರೆ ಕಲ್ಲಿದ್ದಲಿಗೆ ಹುಳ ಹಿಡಿಯಲ್ಲ.”

“ಮೂವತ್ತಾರು ವರ್ಷದ ಹೆಂಗಸು ನೀನು. ಮಕ್ಕಳ ಜೊತೆ ಕುಣಿದದ್ದು ಸಾಕು. ಹೋಗೋದಾದ್ರೆ ಬೀಗದ ಕೈ ಇಟ್ಟು ಹೋಗು.”

ಬುರುಲ್ ಸೊಂಟಕ್ಕೆ ಕಟ್ಟಿಕೊಂಡಿದ್ದ ದಾರವನ್ನು ಬಿಚ್ಚಿ ಕೀಲಿಯನ್ನು ಮೇಜಿನ ಮೇಲಿಟ್ಟಳು. ಕೆನೆಶ್ ಅಗಾಯ್ ಅದನ್ನು ನಿರೀಕ್ಷಿಸಿರಲಿಲ್ಲ. ಅವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಅಂಗಳ ದಾಟಿದ್ದಳು. ಹನ್ನೆರಡು ವರ್ಷದ ಕೆಲಸ, ಮನೆಯಲ್ಲಿ ವಯಸ್ಸಾದ ತಾಯಿ. ಆದರೆ ಹಿಂದಿರುಗಿ ನೋಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಬಸ್ಸು ಹೊರಟಿತು. ಹನ್ನೆರಡು ಆಟಗಾರ್ತಿಯರು, ಅನಾರ್ಕಾನ್ ಎಜೆ. ಒಂಬತ್ತರ ಸುಮಾರಿಗೆ ದೊಲೋನ್ ಘಾಟಿ ಇಳಿಯುವಾಗ ಬಸ್ಸು ನಿಂತಿತು. ಹಿಂದಿನ ದಿನದ ಮಳೆಗೆ ಗುಡ್ಡ ಜಾರಿ, ಇನ್ನೂರು ಹೆಜ್ಜೆ ಅಗಲದ ಕೆಸರು ರಸ್ತೆಯನ್ನು ನುಂಗಿ ಕೂತಿತ್ತು. ಈಚೆ ಏಳೆಂಟು ಗಾಡಿ, ಆಚೆ ಸಾಲಾಗಿ ಲಾರಿಗಳು.

“ಬುಲ್ಡೋಜರ್ ಬರೋದು ಮಧ್ಯಾಹ್ನ ಆಗುತ್ತೆ. ದಾರಿ ಬಿಡೋದು ಸಂಜೆ,” ಅಂದ ಬಸ್ಸಿನ ಡ್ರೈವರ್. ಪಂದ್ಯ ಐದು ಗಂಟೆಗೆ.

ಹುಡುಗಿಯರು ರಸ್ತೆ ಬದಿ ಕುಕ್ಕುರುಗಾಲಲ್ಲಿ ಕೂತರು. ಒಬ್ಬಿಬ್ಬರು ಅಳತೊಡಗಿದರು. ಬುರುಲ್ ಕೆಸರಿನ ಅಂಚಿಗೆ ಹೋಗಿ ಬಸ್ಸಿನ ಸಲಿಕೆಯ ಹಿಡಿಯನ್ನು ಇಳಿಸಿ ನೋಡಿದಳು. ಮಂಡಿಗಿಂತ ಸ್ವಲ್ಪ ಮೇಲೆ. ಗುಡ್ಡದ ಕಡೆ ಹತ್ತು ನಿಮಿಷ ಕಣ್ಣಿಟ್ಟು ನಿಂತಳು. ಕಲ್ಲು ಉರುಳುವುದು ನಿಂತಿತ್ತು.

“ಎಜೆ, ಪಂದ್ಯ ಶುರು ಮಾಡೋಕೆ ಎಷ್ಟು ಜನ ಬೇಕು?”

“ಏಳು. ಯಾಕೆ?”

“ಆಚೆ ನಿಂತಿರೋದು ಗಣಿಯ ಲಾರಿಗಳು. ಅದರಲ್ಲಿ ಅರ್ಧ ಡ್ರೈವರ್‌ಗಳು ನನ್ನ ಕೈಲಿ ಬೈಸಿಕೊಂಡೋರೇ. ಮಣ್ಣು ಬೆರೆಸಿದ ಕಲ್ಲಿದ್ದಲು ತಂದೋರನ್ನ ನಾನು ಬಿಟ್ಟಿಲ್ಲ.”

ಅನಾರ್ಕಾನ್ ಎಜೆ ಕೆಸರನ್ನು ನೋಡಿದರು, ತಮ್ಮ ಮಂಡಿಯನ್ನು ನೋಡಿದರು. “ಚಿಕ್ಕೋರನ್ನ ಕಳಿಸಲ್ಲ. ಅವರ ತಾಯಂದಿರಿಗೆ ಮಾತು ಕೊಟ್ಟು ಕರ್ಕೊಂಡು ಬಂದಿದೀನಿ. ಹದಿನೆಂಟು ದಾಟಿದೋರು ಎಷ್ಟಿದೀರಿ?”

ಆರು ಕೈ ಎದ್ದವು, ಬುರುಲ್‌ಳದೂ ಸೇರಿ.

ಏಳನೆಯದಾಗಿ ಎದ್ದು ನಿಂತವಳು ಮೀರಿಮ್. ತಂಡದ ನಾಯಕಿ, ಹದಿನೇಳು ವರ್ಷ. ತೆಳ್ಳಗೆ ಬಾರುಕೋಲಿನ ಹಾಗಿದ್ದಳು.

“ಕೂತ್ಕೋ ಮೀರಿಮ್,” ಅಂದರು ಎಜೆ.

“ಏಪ್ರಿಲ್‌ನಲ್ಲಿ ನಮ್ಮನೆಗೆ ಹೆಣ್ಣು ಕೇಳೋಕೆ ಬಂದಿದ್ರು. ನಮ್ಮಮ್ಮ ಚಹಾ ಕೊಟ್ಟು ಕೂರಿಸಿದ್ಲು. ಮದುವೆಗಾದ್ರೆ ದೊಡ್ಡೋಳು, ಕೆಸರು ದಾಟೋಕೆ ಚಿಕ್ಕೋಳಾ ಎಜೆ?”

ಅನಾರ್ಕಾನ್ ಎಜೆ ಅವಳ ಮುಖ ನೋಡಿದರು. ಆಮೇಲೆ ತಮ್ಮ ಕೊರಳಿನ ಸೀಟಿಯನ್ನು ತೆಗೆದು ಬುರುಲ್ ಕೈಗೆ ಕೊಟ್ಟರು. “ಇವಳನ್ನ ನಿನ್ನ ಹಿಂದೇ ಇಟ್ಕೋ. ಕಲ್ಲು ಉರುಳಿದ ಸದ್ದಾದ್ರೆ ಸೀಟಿ ಊದಿ ವಾಪಸ್ ಬನ್ನಿ. ಲೀಗೂ ಬೇಡ, ಏನೂ ಬೇಡ.”

ಬಸ್ಸಿನ ಹಗ್ಗವನ್ನು ಸೊಂಟದಿಂದ ಸೊಂಟಕ್ಕೆ ಕಟ್ಟಿಕೊಂಡು, ಬೂಟು ಅಂಗಿಗಳ ಗಂಟನ್ನು ತಲೆಯ ಮೇಲಿಟ್ಟುಕೊಂಡು ಏಳೂ ಜನ ಇಳಿದರು. ಬುರುಲ್ ಮುಂದೆ, ಸಲಿಕೆಯಿಂದ ತಡಕುತ್ತ ಹೆಜ್ಜೆ ಇಡುತ್ತಿದ್ದಳು. ಹಿಮದಷ್ಟು ತಣ್ಣನೆಯ ಕೆಸರು, ಕಾಲು ಮರಗಟ್ಟಿತು. ನಡುವೆ ಒಬ್ಬಳು ಸೊಂಟದವರೆಗೆ ಹೂತಳು, ಹಗ್ಗ ಎಳೆದು ಎತ್ತಿದರು. ಅವಳ ಒಂದು ಚಪ್ಪಲಿ ಇವತ್ತಿಗೂ ಅಲ್ಲೇ ಇದೆ. ಮುಕ್ಕಾಲು ಗಂಟೆ ಹಿಡಿಯಿತು ಆಚೆ ದಡ ಸೇರಲು.

ಮೊದಲ ಲಾರಿಯ ಕಿಟಕಿಯಿಂದ ಮುಖ ಹೊರಗೆ ಹಾಕಿದವನು ಮಾಂಬೆತ್ ಬಾಯ್ಕೆ, ಅಂದರೆ ಮಾಂಬೆತ್ ಅಣ್ಣ. ಎರಡು ವರ್ಷದ ಹಿಂದೆ ಬುರುಲ್ ಅವನ ಲೋಡನ್ನು ವಾಪಸ್ ಕಳಿಸಿದ್ದಳು.

“ಏನಮ್ಮ ಬುರುಲ್, ನನ್ನ ಕಲ್ಲಿದ್ದಲಲ್ಲಿ ಮಣ್ಣು ಅಂದೆ. ಈಗ ನಿನ್ನ ನೋಡ್ಕೋ.”

“ಬಾಯ್ಕೆ, ಲಾರಿ ತಿರುಗಿಸಿ. ಐದಕ್ಕೆ ರಾಜಧಾನೀಲಿರಬೇಕು.”

“ಲೋಡಿದೆ ಕಣಮ್ಮ. ಇದು ನರಿನ್‌ಗೆ ಹೋಗಬೇಕು.”

“ಸಂಜೆವರೆಗೂ ನರಿನ್ ನಿಮ್ಮ ಕಡೆ ಬರಲ್ಲ, ನೀವೂ ನರಿನ್ ಕಡೆ ಹೋಗಲ್ಲ. ಹಿಂದಿನ ಸಾಲಲ್ಲಿ ಖಾಲಿ ಲಾರಿ ಯಾವುದಿದೆ?”

ಅವನು ತಲೆ ಕೆರೆದುಕೊಂಡ. ಅವನ ಷಡ್ಡಕನ ಲಾರಿ ಖಾಲಿಯಾಗಿ ಬಂದಿತ್ತು. ಇಬ್ಬರಿಗೂ ಹತ್ತು ನಿಮಿಷ ಜಗಳವಾಯಿತು. ಕೊನೆಗೆ ಷಡ್ಡಕನನ್ನು ತನ್ನ ಲೋಡಿಗೆ ಕಾವಲು ಕೂರಿಸಿ, ಅವನ ಲಾರಿಯನ್ನು ತಾನೇ ತಿರುಗಿಸಿಕೊಂಡು ಮಾಂಬೆತ್ ಹೊರಟ. ಮೂವರು ಮುಂದೆ, ನಾಲ್ವರು ಹಿಂದೆ ಕಲ್ಲಿದ್ದಲ ಪುಡಿಯಲ್ಲಿ. ದಾರಿಯುದ್ದಕ್ಕೂ ಒಣಗಿಸಿದ ಮೊಸರಿನ ಕುರುತ್ ಉಂಡೆ ಚಪ್ಪರಿಸಿದ್ದು ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ. ರಾಜಧಾನಿ ಸಮೀಪಿಸಿದಾಗ ಪೊಲೀಸ್ ಒಬ್ಬ ಲಾರಿ ನಿಲ್ಲಿಸಿ ಹಿಂದೆ ಹತ್ತಿ ಇಣುಕಿದ.

“ಯಾರಿವರು?”

“ಫುಟ್ಬಾಲ್ ತಂಡ,” ಅಂದ ಮಾಂಬೆತ್.

“ನನ್ನ ಕಿವಿ ಮೇಲೆ ಹೂ ಇಡಬೇಡ. ಸರಿಯಾಗಿ ಹೇಳು.”

ಮೀರಿಮ್ ಗಂಟಿನಿಂದ ಅಂಗಿ ತೆಗೆದು ಬೆನ್ನಿನ ಹೆಸರನ್ನು ತೋರಿಸಿದಳು. ಪೊಲೀಸ್ ಓದಿದ, ಹಿಂದಿದ್ದ ನಾಲ್ಕು ಕಪ್ಪು ಮುಖಗಳನ್ನು ನೋಡಿದ, ಇಳಿದು ಕೈ ಬೀಸಿದ. “ಹೋಗಿ, ಹೋಗಿ. ನನ್ನ ಪಾಳಿಯಲ್ಲಿ ನಾನು ಇದನ್ನ ನೋಡಿಲ್ಲ.”

ಲಾರಿ ಮೈದಾನದ ಗೇಟಿಗೆ ಬಂದಾಗ ಐದು ಹತ್ತು. ರಾಜಧಾನಿಯ ಹುಡುಗಿಯರು ಬಿಳಿ ಅಂಗಿಯಲ್ಲಿ ಸಾಲಾಗಿ ನಿಂತಿದ್ದರು. ಲೀಗಿನ ಕಡೆಯವನೊಬ್ಬ ಕೈಗಡಿಯಾರ ನೋಡುತ್ತಿದ್ದ, ತಡವಾದ ತಂಡಕ್ಕೆ ಕಾಯುವ ಹೊತ್ತು ಇನ್ನೂ ಮುಗಿದಿರಲಿಲ್ಲ. ಚಾಲ್ಕಾನ್ ಹುಡುಗಿಯರು ನಲ್ಲಿಯಡಿ ಮುಖ ತೊಳೆದದ್ದಷ್ಟೇ, ಕಣ್ಣಿನ ಸುತ್ತ ಕಪ್ಪು ಹಾಗೇ ಉಳಿದಿತ್ತು.

“ಮಿಕ್ಕವರೆಲ್ಲಿ?” ಅಂತ ರೆಫರಿ ಕೇಳಿದಳು.

“ಇಷ್ಟೇ. ಏಳು ಜನ ಸಾಕು ಅಂತ ನಿಯಮ ಇದೆಯಲ್ಲ,” ಅಂದಳು ಬುರುಲ್.

ಕೈಗಡಿಯಾರದವನು ಹತ್ತಿರ ಬಂದು ಮೆಲ್ಲಗೆ, ಒಳ್ಳೆಯ ಬುದ್ಧಿ ಹೇಳುವವನ ಹಾಗೆ ಹೇಳಿದ: “ನೋಡಮ್ಮ, ಬರದೇ ಇದ್ದಿದ್ರೆ ಮೂರು ಗೋಲಲ್ಲಿ ಮುಗೀತಿತ್ತು. ಏಳು ಜನ ಆಡಿದ್ರೆ ಮೂವತ್ತು ಬೀಳುತ್ತೆ. ಮರ್ಯಾದೆ ಯಾಕೆ ಕಳ್ಕೋತೀರಿ?”

“ಬೀಳಲಿ. ಎಣಿಸೋಕೆ ನೀವಿದೀರಲ್ಲ,” ಅಂದು ಬುರುಲ್ ಗೋಲಿನ ಕಡೆ ನಡೆದಳು.

ಏಳು ಜನ ಹನ್ನೊಂದು ಜನರ ಎದುರು ಆಡುವುದು ಆಟವಲ್ಲ, ಮುತ್ತಿಗೆಯಲ್ಲಿ ಸಿಕ್ಕಿಕೊಂಡಂತೆ. ಬುರುಲ್ ಐವರನ್ನು ಗೋಲಿನ ಮುಂದೆ ಬೇಲಿಯ ಹಾಗೆ ನಿಲ್ಲಿಸಿ, ಮೀರಿಮ್ ಒಬ್ಬಳನ್ನು ನಡುಗೆರೆಯ ಹತ್ತಿರ ಬಿಟ್ಟಳು. ಅರ್ಧ ಮುಗಿಯುವಷ್ಟರಲ್ಲಿ ನಾಲ್ಕು ಗೋಲು. ಹಿಡಿದದ್ದೆಷ್ಟೋ ಅವಳೇ ಎಣಿಸಲಿಲ್ಲ. ಗ್ಯಾಲರಿಯಲ್ಲಿ ಮೊದಲು ನಗುತ್ತಿದ್ದ ಜನ ಆಮೇಲಾಮೇಲೆ ಸುಮ್ಮನಾದರು. ಮಾಂಬೆತ್ ಬಾಯ್ಕೆ ಮಾತ್ರ ಬೇಲಿಗೊರಗಿ ಒಂದೇ ಸಮನೆ ಬೈಯುತ್ತಿದ್ದ. ಯಾರನ್ನು ಅಂತ ಅವನಿಗೂ ಗೊತ್ತಿರಲಿಲ್ಲ.

ಅರವತ್ತನೇ ನಿಮಿಷದ ಮೇಲೆ ಹತ್ತಿರದಿಂದ ಹೊಡೆದ ಚೆಂಡು ಬುರುಲ್‌ಳ ಎಡಗೈಗೆ ಬಡಿಯಿತು. ಉಂಗುರ ಬೆರಳು ಹಿಂದಕ್ಕೆ ಮಡಚಿ ಲಟಕ್ಕೆಂದಿತು. ಅವಳು ಮಂಡಿಯೂರಿ ಕೂತಳು. ಡಾಕ್ಟರ್ ಓಡಿ ಬಂದು ಕೈಗವಸು ತೆಗೆದು ನೋಡಿ, “ಮುರಿದಿದೆ. ಆಸ್ಪತ್ರೆಗೆ ಹೋಗಬೇಕು,” ಅಂದ.

ರೆಫರಿ ಬಗ್ಗಿ ಹೇಳಿದಳು: “ನೀನು ಹೊರಗೆ ಹೋದ್ರೆ ಆರೇ ಜನ. ಪಂದ್ಯ ನಿಲ್ಲಿಸ್ಬೇಕಾಗುತ್ತೆ.”

“ಹೊರಗೆ ಹೋಗ್ತೀನಿ ಅಂತ ಯಾರು ಹೇಳಿದ್ರು? ಈ ಬೆರಳಿಗೆ ಪಕ್ಕದ ಬೆರಳು ಸೇರಿಸಿ ಬಿಗಿಯಾಗಿ ಕಟ್ಟಿ ಡಾಕ್ಟ್ರೇ. ಉಂಗುರ ಹಾಕೋ ಯೋಚನೆ ನಂಗಿಲ್ಲ.”

ಕಟ್ಟಿದರು. ಕಣ್ಣಲ್ಲಿ ನೀರು ತಾನಾಗಿ ಬಂತು, ಭುಜದಿಂದ ಒರೆಸಿಕೊಂಡಳು. ಎದುರು ತಂಡದ ಕೋಚ್ ಆಚೆಯಿಂದ ಕೂಗಿದ: “ಎಡಗಡೆ ಹೊಡೀರಿ, ಎಡಗಡೆ.” ಎಡಗಡೆಯೇ ಹೊಡೆದರು. ಕೈ ಆಗದಾಗ ಎದೆ ಕೊಟ್ಟಳು, ಎದೆಗೆ ಸಿಗದಾಗ ಕಾಲು ಕೊಟ್ಟಳು. ಇನ್ನೂ ಎರಡು ಒಳಗೆ ಹೋದವು. ಕೊನೆಯ ಹತ್ತು ನಿಮಿಷದಲ್ಲಿ ಒಂದು ಚೆಂಡನ್ನು ಹಿಡಿದು ಬಲಗೈಯಿಂದ, ಸಲಿಕೆ ಬೀಸಿದ ಹಾಗೆ, ನಡುಗೆರೆಯಾಚೆ ಎಸೆದಳು. ಮೀರಿಮ್ ಓಡಿದಳು. ಇಡೀ ಮೈದಾನದಲ್ಲಿ ಅವಳ ಮುಂದೆ ಗೋಲ್‌ಕೀಪರ್ ಒಬ್ಬಳೇ. ಹೊಡೆದ ಚೆಂಡು ಕಂಬದ ಒಳಬದಿಗೆ ತಗುಲಿ ಗೆರೆಯ ಮೇಲೆ ಉರುಳಿ ಒಳಗೆ ಬಿತ್ತು. ಆರು-ಒಂದು.

ಪಂದ್ಯ ಮುಗಿದಾಗ ಕೈಗಡಿಯಾರದವನು ಬರೆದುಕೊಳ್ಳುತ್ತಿದ್ದ. ಬುರುಲ್ ಅವನ ಮುಂದೆ ನಿಂತು, “ಆಡಿದೆವು ಅಂತ ಬರೀರಿ. ಮೊದಲು ಅದು ಬರೀರಿ,” ಅಂದಳು. ಅವನು ಬರೆಯುವವರೆಗೂ ಅಲ್ಲಾಡಲಿಲ್ಲ. ಆಮೇಲೆ ಆಸ್ಪತ್ರೆಗೆ ಹೋದಳು. ಮೂರು ದಿನದ ಮೇಲೆ ಊರು ಸೇರಿದಾಗ ಸಬೀರಾ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಒಂದು ಮಾತೂ ಆಡಲಿಲ್ಲ. ಸಬೀರಾ ಸುಮ್ಮನಿದ್ದದ್ದನ್ನು ಬುರುಲ್ ಕಂಡದ್ದು ಅದೇ ಮೊದಲು.

ರಾಜಧಾನಿಯ ಅದೇ ತಂಡ ಸೆಪ್ಟೆಂಬರ್ ಕೊನೆಯಲ್ಲಿ ಕೋಕ್-ಜಾರ್‌ಗೆ ಬಂತು. ಇಲ್ಲಿನ ಗಾಳಿ ತೆಳು, ನೆಲ ಕಲ್ಲು. ಚಾಲ್ಕಾನ್ ಕಡೆ ಈ ಸಲ ಹನ್ನೊಂದು ಜನ. ಊರಿಗೆ ಊರೇ ಬಂದಿತ್ತು, ಕುದುರೆ ಮೇಲೆ ಕೂತೇ ಎಷ್ಟೋ ಜನ ನೋಡಿದರು. ತುರಚಿಯ ಮಾತಾಡಿದ್ದ ಹಿರಿಯರು ಮೊದಲ ಸಾಲಿನಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದರು. ಸೊಟ್ಟ ಬೆರಳಿನ ಬುರುಲ್ ಒಂದನ್ನೂ ಒಳಗೆ ಬಿಡಲಿಲ್ಲ. ಇವರಿಗೂ ಗೋಲು ಸಿಗಲಿಲ್ಲ. ಸೊನ್ನೆ-ಸೊನ್ನೆಗೆ ಕುರಿ ಕಡಿದು ಹಬ್ಬ ಮಾಡಿದ ಊರು ಬೇರೆಲ್ಲೂ ಇರಲಾರದು. ಲೀಗಿನಲ್ಲಿ ಏಳನೇ ಸ್ಥಾನ ಸಿಕ್ಕಿತು, ಅಂದರೆ ಕೊನೆಯಿಂದ ಎರಡನೆಯದು. ಹೊರಗಂತೂ ಬೀಳಲಿಲ್ಲ.

ಅಕ್ಟೋಬರ್‌ನಲ್ಲಿ ಹಿಮ ಬಿತ್ತು. ಕೆನೆಶ್ ಅಗಾಯ್ ಇಟ್ಟುಕೊಂಡಿದ್ದ ಹೊಸ ಮನುಷ್ಯ ಎರಡು ಸಲ ಇಡೀ ಶಾಲೆಗೆ ಹೊಗೆ ತುಂಬಿಸಿದ. ಮೂರನೇ ಸಲ ಪೈಪು ಒಡೆಯಿತು. ಅಗಾಯ್ ತಾವೇ ಬುರುಲ್ ಮನೆಗೆ ಬಂದು, ಚಹಾ ಕುಡಿದು, ಹವಾಮಾನದ ಮಾತಾಡಿ, ಕೊನೆಗೆ ಕೀಲಿಯನ್ನು ಮೇಜಿನ ಮೇಲಿಟ್ಟರು.

“ಪಂದ್ಯದ ದಿನ ರಜೆ. ಕಾಗದದ ಮೇಲೆ ಬರೆದು ಕೊಡಿ,” ಅಂದಳು ಬುರುಲ್.

“ಸರಿ.”

“ಚಳಿಗಾಲದಲ್ಲಿ ಶಾಲೆಯ ವ್ಯಾಯಾಮದ ಕೋಣೆ ಸಂಜೆ ಹೊತ್ತು ಹುಡುಗೀರಿಗೆ. ಬಿಸಿ ನಾನು ಮಾಡ್ಕೋತೀನಿ.”

“ಅದು ಇಲಾಖೆ ಕೇಳ್ಬೇಕು ಕಣಮ್ಮ.”

“ಕೇಳಿ. ಅಲ್ಲೀವರೆಗೆ ಕೀಲಿ ಇಲ್ಲೇ ಮೇಜಿನ ಮೇಲಿರುತ್ತೆ.”

ಸಬೀರಾ ಒಳಗಿನಿಂದ, “ಇನ್ನೊಂದು ಬಟ್ಟಲು ಚಹಾ ಕುಡೀರಿ ಅಗಾಯ್. ಇವಳು ಹಿಡಿದದ್ದು ಬಿಡೋಳಲ್ಲ,” ಅಂದಳು. ಅಗಾಯ್ ಇಲಾಖೆಯನ್ನು ಕೇಳದೆಯೇ ಒಪ್ಪಿದರು.

ಆ ಚಳಿಗಾಲ ಇಪ್ಪತ್ಮೂರು ಹುಡುಗಿಯರು ವ್ಯಾಯಾಮದ ಕೋಣೆಗೆ ಬಂದರು. ಮೀರಿಮ್ ಹೆಣ್ಣು ಕೇಳಲು ಬಂದವರಿಗೆ ತಾನೇ ಉತ್ತರ ಕೊಟ್ಟು ಕಳಿಸಿ, ಚಿಕ್ಕವರಿಗೆ ಓಡಲು ಕಲಿಸುತ್ತಿದ್ದಳು. ಒಂದು ಸಂಜೆ ಒಬ್ಬ ಹುಡುಗಿಯ ಅಪ್ಪ ಹಿಮ ಮೆತ್ತಿದ ಬೂಟಿನಲ್ಲೇ ಬಂದು ಬಾಗಿಲು ತಳ್ಳಿದ. ಮಗಳನ್ನು ಎಳೆದುಕೊಂಡು ಹೋಗಲು ಬಂದಿದ್ದ. ಬುರುಲ್ ಬಾಯ್ಲರ್ ಕೋಣೆಯಿಂದ ಎದ್ದು ಬಂದು ಅವನಿಗೂ ಬಾಗಿಲಿಗೂ ನಡುವೆ ನಿಂತಳು.

“ಬೂಟು ಬಿಚ್ಚಿ ಒಳಗೆ ಬನ್ನಿ ಬಾಯ್ಕೆ. ಆಟ ಮುಗಿಯೋಕೆ ಇನ್ನೂ ಇಪ್ಪತ್ತು ನಿಮಿಷ ಇದೆ.”

“ನನ್ನ ಮಗಳು. ನಾನು ಕರ್ಕೊಂಡು ಹೋಗ್ತೀನಿ.”

“ಕರ್ಕೊಂಡು ಹೋಗಿ. ಇಪ್ಪತ್ತು ನಿಮಿಷ ಆದಮೇಲೆ.”

ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮಸಿ ಹಿಡಿದ ಕೈ, ಬಾಗಿಲಿನಷ್ಟೇ ಅಗಲದ ಭುಜ. ಆಮೇಲೆ ಗೊಣಗುತ್ತ ಬಗ್ಗಿ ಬೂಟಿನ ದಾರಕ್ಕೆ ಕೈ ಹಾಕಿದ.